ಹಾಲಮ್ಮನ ಮಾತು ನುಂಗಿದ ಮೈಕು

ನಾನು ಕೈಯಲ್ಲಿ ಹಿಡಿದು ಕೂಗುವ ಒಂದು ಮೈಕು. ದಿಲ್ಲಿಯ ಒಂದು ಓಣಿಯ ತಗಡಿನ ಶೆಡ್ಡಿನಲ್ಲಿ ಹುಟ್ಟಿದೆ. ನನ್ನ ತಂತಿಗಳನ್ನು ಬೆಸೆದ ಹೆಂಗಸಿನ ಹೆಸರು ನನಗೆ ಗೊತ್ತಿಲ್ಲ. ಅಗಲವಾದ ಬಿಳಿ ಬಾಯಿ, ಕೆಂಪು ಹಿಡಿ, ಹೊಟ್ಟೆಯಲ್ಲಿ ಆರು ಸೆಲ್ಲು. ಮೆಲ್ಲಗೆ ಆಡಿದ ಮಾತನ್ನೂ ದೂರದವರಿಗೆ ಮುಟ್ಟಿಸುವುದು ನನ್ನ ಕಸುಬು.

ದಾವಣಗೆರೆಯ ಹತ್ತಿ ಗಿರಣಿಯೊಂದರ ಕಾರ್ಮಿಕ ಸಂಘ ನನ್ನನ್ನು ತರಿಸಿಕೊಂಡಿತು. ಸಂಘದ ಮುಂದಾಳು ವಾಗೀಶ ಮೇಷ್ಟ್ರು, ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದವರು. ಅವರು ಕಪಟಿಯಲ್ಲ. ಆ ಗಿರಣಿಯಲ್ಲಿ ಹತ್ತಿಯ ಧೂಳು ನುಂಗಿ ನಲವತ್ತಕ್ಕೇ ಮುದುಕರಾದವರಿದ್ದರು. ನೀರು ಕುಡಿಯಲು ಎದ್ದ ಹೆಂಗಸರಿಗೆ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಅದನ್ನು ನಿಲ್ಲಿಸಿದವರು ಮೇಷ್ಟ್ರೇ. ಗೇಟಿನ ಮುಂದೆ ಲಾಠಿ ಬಿದ್ದು ಅವರ ಹಣೆ ಒಡೆದಾಗ ರಕ್ತ ನನ್ನ ಹಿಡಿಯ ಮೇಲೆ ಇಳಿಯಿತು. ಆ ದಿನ ನಾನು ಹೆಮ್ಮೆಪಟ್ಟೆ. ಅಂದಿನಿಂದ ಅವರು ಹೇಳಿದ್ದೆಲ್ಲ ನನಗೆ ಸತ್ಯವೇ ಆಯಿತು.

ಆಮೇಲೆ ದೊಡ್ಡ ಮುಷ್ಕರ ಶುರುವಾಯಿತು. ಮೂರನೇ ತಿಂಗಳಿಗೆ ಮನೆಗಳಲ್ಲಿ ಒಲೆ ಹತ್ತುವುದು ಕಷ್ಟವಾಯಿತು. ಆಗ ಮಾಲೀಕರು ಒಂದು ರಾಜಿ ಕಳಿಸಿದರು: ಕೇಳಿದ್ದರಲ್ಲಿ ಅರ್ಧ ಕೊಡುತ್ತೇವೆ, ಎಲ್ಲರನ್ನೂ ವಾಪಸು ಸೇರಿಸಿಕೊಳ್ಳುತ್ತೇವೆ, ಮುಷ್ಕರದಲ್ಲಿ ಮುಂದೆ ನಿಂತ ಹನ್ನೊಂದು ಜನರನ್ನು ಬಿಟ್ಟು.

ಗಿರಣಿಯ ಮುಂದಿನ ಬಯಲಿನಲ್ಲಿ ಸಭೆ ಸೇರಿತು. ಆರುನೂರು ಜನ. ಮೇಷ್ಟ್ರು ಟ್ರಾಕ್ಟರ್ ಟ್ರೈಲರಿನ ಮೇಲೆ ನಿಂತು, ರಾಜಿ ಅಂದರೆ ದ್ರೋಹ ಅಂದರು. ಆಗ ನೂಲು ಸುತ್ತುವ ವಿಭಾಗದ ಹಾಲಮ್ಮ ಎದ್ದು ಬಂದಳು. ಎಂದೂ ಸಭೆಯಲ್ಲಿ ಮಾತಾಡಿದವಳಲ್ಲ. ಟ್ರೈಲರಿನ ಅಂಚು ಹಿಡಿದುಕೊಂಡು ಕತ್ತೆತ್ತಿ ನೋಡಿದಳು.

“ಮೇಷ್ಟ್ರೆ, ಎಲ್ಡು ಮಾತು ಆಡ್ಬೇಕು. ಮೈಕು ಕೊಡ್ರಿ.”

ಮೇಷ್ಟ್ರು ಕೆಳಗೆ ಬಗ್ಗಿ ಕಿವಿಗೊಟ್ಟರು. “ಏನಮ್ಮ, ನನಗೇ ಹೇಳು.”

“ರಾಜಿ ಒಪ್ಕೊಳ್ರಿ. ಆರುನೂರು ಮನೆ ಐತೆ.”

“ಹನ್ನೊಂದು ಜನರನ್ನ ಬಲಿ ಕೊಡು ಅಂತೀಯಾ?”

“ಆ ಹನ್ನೊಂದು ಮಂದ್ಯಾಗೆ ನನ್ ಗಂಡಾನೂ ಅದಾನೆ, ಮೇಷ್ಟ್ರೆ. ಅವ್ನೇ ಹೇಳಿ ಕಳ್ಸ್ಯಾನೆ. ಮಿಕ್ಕ ಹತ್ತು ಮಂದೀನೂ ಹೂಂ ಅಂದಾರೆ. ನಮ್ ಸಲುವಾಗಿ ಎಲ್ರೂ ಉಪಾಸ ಬೀಳೋದು ಬ್ಯಾಡ.”

ಇದನ್ನು ಕೇಳಿಸಿಕೊಂಡವರು ಇಬ್ಬರೇ. ಮೇಷ್ಟ್ರು, ಮತ್ತೆ ನಾನು.

ಅವರು ಒಮ್ಮೆ ಜನರ ಕಡೆ ನೋಡಿದರು, ಒಮ್ಮೆ ಅವಳ ಕಡೆ. ಅವಳಿಗೆ ಕೊಡುತ್ತಾರೆ ಅಂದುಕೊಂಡೆ. ಆದರೆ ನನ್ನನ್ನು ತಮ್ಮ ಬಾಯಿಗೇ ಒತ್ತಿಕೊಂಡು ಕೂಗಿದರು: “ನೋಡಿ ಬಂಧುಗಳೇ! ಮಾಲೀಕರು ನಮ್ಮ ಹೆಣ್ಣುಮಕ್ಕಳ ಬಾಯಲ್ಲೂ ಮಾತಾಡ್ತಾ ಇದ್ದಾರೆ!”

ಜನ ಕೇಕೆ ಹಾಕಿದರು. “ಚೇಲಾ! ಚೇಲಾ!” ಹಾಲಮ್ಮ ಮತ್ತೇನೋ ಹೇಳುತ್ತಿದ್ದಳು. ತುಟಿ ಅಲ್ಲಾಡುವುದು ಕಾಣುತ್ತಿತ್ತು. ಮೇಷ್ಟ್ರ ಕೂಗನ್ನು ಬಯಲಿನ ಕೊನೆಯವರೆಗೆ ಮುಟ್ಟಿಸಿದವನು ನಾನೇ. ತಂತಿ ಸಡಿಲವಾಗಿ ನಾನು ಎಷ್ಟೋ ಸಲ ಅರ್ಧ ಮಾತಿಗೇ ಕೈಕೊಟ್ಟಿದ್ದೆ. ಅವತ್ತು ಒಂದಕ್ಷರವೂ ತಪ್ಪಲಿಲ್ಲ.

ಬೇಡವೆಂದು ಬಯಲಿನ ತುಂಬ ಕೈಗಳು ಎದ್ದವು, ರಾಜಿ ಬಿದ್ದುಹೋಯಿತು. ಎರಡು ತಿಂಗಳಿಗೆ ಗಿರಣಿಯೂ ಮುಚ್ಚಿತು. ಮೇಷ್ಟ್ರಿಗೆ ಕಾಲೇಜಿನ ನೌಕರಿಯಿತ್ತು. ವರ್ಗ ಮಾಡಿಸಿಕೊಂಡು ಮೈಸೂರಿಗೆ ಹೋದರು. ಅಲ್ಲಿಯೂ ಅವರನ್ನು ಸಭೆಗಳಿಗೆ ಕರೆಯುತ್ತಿದ್ದರಂತೆ. ಕಾರ್ಮಿಕರಿಗೆ ವರ್ಗವಾಗಲು ಜಾಗವಿರಲಿಲ್ಲ.

ಸಂಘದ ಕೋಣೆ ಖಾಲಿ ಮಾಡಿಸಿದ ದಿನ ನನ್ನನ್ನು ಬೀದಿಗೆ ಹಾಕಿದರು. ಎತ್ತಿಕೊಂಡವನು ಹಾಲಮ್ಮನ ಗಂಡ ತಿಪ್ಪೇಶಿ. ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತ “ಬದ್ನೀಕಾಯಿ, ಹೀರೇಕಾಯಿ” ಎಂದು ನನ್ನಲ್ಲಿ ಕೂಗುತ್ತಿದ್ದ. ಹಾಲಮ್ಮ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋದಳು. ಹತ್ತಿಯ ಧೂಳು ಬಿಟ್ಟು ಹೊಗೆ ಕುಡಿದಳು. ತಿಪ್ಪೇಶಿ ತೀರಿಕೊಂಡ ಮೇಲೆ ನಾನು ಅವಳ ಮನೆಯ ಅಟ್ಟ ಸೇರಿದೆ. ಒಂದು ದಿನವೂ ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಇಪ್ಪತ್ತಾರು ವರ್ಷದ ಮೇಲೆ ಮೇಷ್ಟ್ರು ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಮುಷ್ಕರದ ಬಗ್ಗೆ ಪುಸ್ತಕ ಬರೆಯುತ್ತಿದ್ದರು.

“ಹಾಲಮ್ಮ, ಆ ದಿನಗಳ ನೆನಪು ಹೇಳು.”

“ನಿಮಗೆ ಗೊತ್ತಿಲ್ದಿದ್ದು ಏನೈತೆ? ಅವತ್ತು ನಿಮ್ ಕಿವ್ಯಾಗೆ ಹೇಳಿದ್ನಲ್ಲ, ಅದನ್ ಬರೀರಿ.”

ಮೇಷ್ಟ್ರು ಚಹಾದ ಲೋಟ ಕೆಳಗಿಟ್ಟರು.

“ಅವತ್ತು ನಿನಗೆ ಮೈಕು ಕೊಟ್ಟಿದ್ದರೆ ಜನರ ಒಗ್ಗಟ್ಟು ಒಡೀತಿತ್ತು ಅಂತ ಭಯ ಆಯ್ತು ಹಾಲಮ್ಮ. ಬರೀತೀನಿ.”

ಪುಸ್ತಕ ಅಂಚೆಯಲ್ಲಿ ಬಂತು. ಹಾಲಮ್ಮನ ಸೊಸೆ ಹೊಸ್ತಿಲ ಮೇಲೆ ಕೂತು ಓದಿ ಹೇಳಿದಳು.

“ನನ್ ಮಾತು ಐತೇನೆ?”

“ಇಲ್ಲ ಅತ್ತೆ. ಎಲ್ಲರೂ ಒಮ್ಮತದಿಂದ ಕೈ ಎತ್ತಿ ರಾಜಿಯನ್ನು ತಿರಸ್ಕರಿಸಿದರು ಅಂತ ಐತೆ.”

ಹಾಲಮ್ಮ ಮೊರದಲ್ಲಿದ್ದ ಅಕ್ಕಿಯ ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ.

“ಸುಳ್ಳೇನಲ್ಲ ಬಿಡು,” ಅಂದಳು. “ಆ ಕೂಗಿಗೆ ಹೆದ್ರಿ ನಾನೂ ಕೈ ಎತ್ತಿದ್ದೆ.”

ಅಟ್ಟದ ಮೇಲೆ ಧೂಳು ಹೊದ್ದು ಕೂತ ನನಗೆ ಇದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಡವರ ದನಿ ಎಂದು ಸಂಘದವರು ನನ್ನ ಮೈಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದರು. ಆ ಬಣ್ಣ ಯಾವಾಗಲೋ ಉದುರಿದೆ. ಒಳಗಿನ ತಂತಿಗೆ ತುಕ್ಕು ಹಿಡಿದಿದೆ. ಇನ್ನು ಯಾರು ಒತ್ತಿದರೂ ನಾನು ಮಾತಾಡಲಾರೆ. ಮೌನದಿಂದ ನನಗೆ ಬೇಸರವಿಲ್ಲ. ಆದರೆ ಕೆಳಗೆ ಹಾಲಮ್ಮ ಕೆಮ್ಮಿದಾಗಲೆಲ್ಲ, ಅವತ್ತು ಆ ಒಂದು ಗಳಿಗೆ ಕೆಟ್ಟು ನಿಲ್ಲಬಾರದಿತ್ತೇ ಎಂದು ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ.