ಹಳೇ ಕೋಣೆಯ ದೇವಿ

ಬಸಕ್ಕ ದೀಪದ ತಟ್ಟೆ ಹಿಡಿದು ಶಾಲೆಯ ಹಳೇ ಕೋಣೆಯ ಹೊಸ್ತಿಲು ದಾಟುವಷ್ಟರಲ್ಲಿ ಸಿದ್ದಕ್ಕ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ಒಳಗ ಬ್ಯಾಡ ಯವ್ವಾ. ಅಂಗಳದಾಗ ಇಡು."

"ಅಂಗಳದಾಗ ಗಾಳಿ ಐತಿ. ಮಲಕವ್ವ ದಿನಾ ಪೂಜಿ ಮಾಡಿದ ದೇವಿ, ಆಕಿ ಮುಂದ ಇಟ್ರ ತಪ್ಪೇನು? ಇವತ್ತೊಂದು ದಿನ ದೇವಿ ಮಡಿ ನೋಡೂದಿಲ್ಲ. ಹುಡುಗ್ರೆಲ್ಲಾ ಇಲ್ಲೇ ದೀಪ ನೋಡ್ಲಿ."

ಮಲಕವ್ವನನ್ನು ಮಣ್ಣು ಮಾಡಿ ಬಂದ ಜನ ಹಿಂದೆ ನಿಂತಿದ್ದರು. ಸತ್ತವರ ದೀಪ ನೋಡದೆ ಯಾರೂ ತಮ್ಮ ಮನೆಗೆ ಹೋಗುವಂತಿಲ್ಲ. ಅವಳ ಬಾಡಿಗೆ ಮನೆಯ ಮಾಲೀಕ ಹೆಣವನ್ನೇ ಒಳಗೆ ಬಿಟ್ಟಿರಲಿಲ್ಲ, ಇನ್ನು ದೀಪ ಬಿಟ್ಟಾನೆಯೇ? ಹಾಗಾಗಿ ಅವಳು ಬಿಸಿಯೂಟ ಬೇಯಿಸುತ್ತಿದ್ದ ಪೀಣ್ಯದ ಈ ಸರ್ಕಾರಿ ಶಾಲೆಯ ಅಂಗಳದಲ್ಲೇ ಹೆಣ ಮಲಗಿಸಿದ್ದರು. ಸಿದ್ದಕ್ಕ ಅವಳ ಜೊತೆ ಅಡುಗೆ ಮಾಡಿದವಳು. ಈಗ ಬಾಯಿ ಬಿಟ್ಟರೆ ಮಣ್ಣಿನ ದಿನವೇ ಗೆಳತಿಯ ಮಾನ ಹೋಗುತ್ತದೆ; ಬಿಡದಿದ್ದರೆ ಮಕ್ಕಳೆಲ್ಲ ಆ ಚಾವಣಿಯ ಕೆಳಗೆ ಸೇರುತ್ತಾರೆ.

*

ಆ ಚಾವಣಿಯಿಂದ ಗಾರೆ ಉದುರಲು ಶುರುವಾದಾಗ ಹೆಡ್‌ಮೇಡಂ ಬಾಗಿಲಿಗೆ ಹಗ್ಗ ಕಟ್ಟಿಸಿದರು. ಮಕ್ಕಳು ಹಗ್ಗದ ಕೆಳಗೆ ನುಸುಳಿದರು. ಬೀಗ ಹಾಕಿಸಿದರೆ ಕಿಟಕಿಯಿಂದ ಇಳಿದರು. ಒಮ್ಮೆ ಹಂಚಿನಗಲದ ಗಾರೆ ಬಸಕ್ಕನ ಮಗಳ ಪಕ್ಕದಲ್ಲೇ ಬಿತ್ತು. ಮರುದಿನ ಮಲಕವ್ವ ಮಸಾಲೆ ಅರೆಯುವ ಗುಂಡುಕಲ್ಲನ್ನು ತೊಳೆದು, ಅರಿಶಿನ ಬಳಿದು, ಕೋಣೆಯ ಮೂಲೆಯಲ್ಲಿ ಕೂರಿಸಿದಳು.

"ಕನಸಿನ್ಯಾಗ ಬಂದಾಳ. ಭಾಳ ಮಡಿ ದೇವಿ. ನನ್ನ ಬಿಟ್ಟು ಯಾರೂ ಒಳಗ ಬರಬಾರದಂತ" ಎಂದಳು. ಹೆಡ್‌ಮೇಡಂ ವರ್ಷವಿಡೀ ಬೈದರೂ ಆಗದ ಕೆಲಸವನ್ನು ಗುಂಡುಕಲ್ಲು ಒಂದೇ ದಿನದಲ್ಲಿ ಮಾಡಿ ಮುಗಿಸಿತು.

ದೇವಿ ಬಂದ ಮೇಲೆ ಹರಕೆ ಬರದೆ ಇರುತ್ತದೆಯೇ? ತಾಯಂದಿರು ತಂದ ಕಾಯಿಯನ್ನು ಮಲಕವ್ವ ಹೊಸ್ತಿಲಲ್ಲೇ ಇಸಿದುಕೊಂಡು ತಾನೇ ಒಳಗೆ ಹೋಗಿ ಒಡೆಯುತ್ತಿದ್ದಳು. ಕೊನೆಗೊಮ್ಮೆ ಕೋಣೆ ಕೆಡವಲು ಆಳುಗಳು ಬಂದರು. ಬಸಕ್ಕನ ಗಂಡ ಕೊಟ್ರಪ್ಪನೂ ಅವರಲ್ಲಿದ್ದ. ಅರಿಶಿನ ಕುಂಕುಮ ಕಂಡದ್ದೇ ಎಲ್ಲರೂ ಹಾರೆ ಕೆಳಗಿಟ್ಟು, ಕೈಮುಗಿದು ಹೊರಟುಹೋದರು.

"ಈಗಾದ್ರೂ ಖರೆ ಹೇಳಬಾರದೇನ?" ಎಂದು ಸಿದ್ದಕ್ಕ ಕೇಳಿದ್ದಳು.

"ಹೇಳಿದ್ರ ನಾಳಿಂದನ ಹುಡುಗ್ರು ಒಳಗ ನುಗ್ಗತಾವ. ನಾ ಇರೂತನಕ ಕಾಯ್ತೀನಿ ಬಿಡು" ಎಂದಿದ್ದಳು ಮಲಕವ್ವ.

*

ಇನ್ನು ಕಾಯುವವಳಿಲ್ಲ. ಸಿದ್ದಕ್ಕ ಕೈ ತೆಗೆಯಲಿಲ್ಲ.

"ಅದು ದೇವಿ ಅಲ್ಲ, ಮಸಾಲಿ ಅರಿಯೂ ಗುಂಡು. ನಿಮ್ಮ ಮಕ್ಳು ಈ ಮಾಳಗಿ ಕೆಳಗ ಹೋಗಬಾರದಂತ ಮಲಕವ್ವ ಸುಳ್ಳು ಹೇಳಿದ್ಲು."

ಬಸಕ್ಕನ ಮುಖ ಸಣ್ಣದಾಯಿತು. "ಮಗಳ ಜ್ವರಕ್ಕ ಇಲ್ಲೇ ಹರಕಿ ಹೊತ್ತಿದ್ನಲ್ಲ. ದೇವರ ಹೆಸರಿನ್ಯಾಗ ಆಟ ಆಡಿದ್ಲೇನು ಆಕಿ?"

"ಮ್ಯಾಲ ನೋಡವ್ವ."

ಇಷ್ಟು ದಿನ ಆ ಬಾಗಿಲಲ್ಲಿ ಕಣ್ಣು ಮುಚ್ಚಿ ಕೈ ಮುಗಿದವರೇ ಎಲ್ಲ, ತಲೆ ಎತ್ತಿ ನೋಡಿದವರಿಲ್ಲ. ತುಕ್ಕು ಹಿಡಿದ ಕಂಬಿಗಳು ಚಾವಣಿಯಿಂದ ಹೊರಬಂದು ಜೋತಾಡುತ್ತಿದ್ದವು. ಕೊಟ್ರಪ್ಪ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಹೋಗಿ ಗೋಡೆಯನ್ನು ಬೆರಳಿನಿಂದ ಒತ್ತಿದ. ಗಾರೆ ಹಿಟ್ಟಿನಂತೆ ಉದುರಿತು. ಹೊರಗೆ ಬಂದವನೇ ಮಗಳನ್ನು ಎತ್ತಿಕೊಂಡು ಬಾಗಿಲಿನಿಂದ ದೂರ ಇಳಿಸಿದ.

"ನಾಳೆ ಹಾರಿ ತರ್ತೀನಿ" ಎಂದ.

ಬಸಕ್ಕ ಹೊಸ್ತಿಲಿನಿಂದ ಹಿಂದೆ ಸರಿದಳು. ಬೆಳಿಗ್ಗೆ ಹೆಣ ಮಲಗಿಸಿದ್ದ ಜಾಗಕ್ಕೆ ದೀಪ ಒಯ್ದಿಟ್ಟಳು. ಗಾಳಿ ಬೀಸಿದಾಗ ಹೆಂಗಸರು ಸೆರಗು ಹರಡಿ ಸುತ್ತಲೂ ಕೂತರು. ಮಕ್ಕಳು ಯಾರೂ ಹೇಳದೆಯೇ ಚಪ್ಪಲಿ ಬಿಟ್ಟು, ಒಬ್ಬೊಬ್ಬರಾಗಿ ಆ ಬರಿಯ ನೆಲಕ್ಕೆ ಅಡ್ಡಬಿದ್ದರು.