ಗೋಡೆ ಬಿಟ್ಟು ಸರಿದ ಬಿಂದುಗಳು

ಒಡೆಯುತ್ತಿಲ್ಲ, ಕಂಪ್ಯೂಟರ್ ಪರದೆಯ ಮೇಲೆ ಕಂಬದ ಹಿಂದೆ ನೀರಿನ ಸುಳಿ ತಿರುಗುತ್ತಿದೆ, ಒಡೆಯುತ್ತಲೇ ಇಲ್ಲ, ಇಷ್ಟು ಹೊತ್ತಿಗೆ ಲೆಕ್ಕದ ಅಂಕಿಗಳು ಉಬ್ಬಿ ಸುಳಿ ಚಿಂದಿಯಾಗಬೇಕಿತ್ತು, ಅವನು ಬರೆದ ಪ್ರೋಗ್ರಾಮಾಗಿದ್ದರೆ ಆಗಿಯೇ ಹೋಗುತ್ತಿತ್ತು — ಆದರೆ ಇದು ಗುಬ್ಬಿಯದು, ಎರಡು ವರ್ಷದ ಹಿಂದೆ ಈ ಪ್ರಯೋಗಾಲಯಕ್ಕೆ ಬಂದು ಅಣ್ಣಾ ಈ ಪ್ರೋಗ್ರಾಮು ಎಲ್ಲಿಂದ ಶುರು ಅಂತ ಕೇಳಿದವಳದು, ಗಿಣಿಗೆ ಹೇಳಿದ ಹಾಗೆ ಹೇಳಿಕೊಟ್ಟವನು ಅವನೇ, ಹೊಟ್ಟೆಕಿಚ್ಚು ಅಂತಾರಲ್ಲ, ಅದು ಬರೀ ಮಾತಲ್ಲ, ಪಕ್ಕೆಲುಬಿನ ಕೆಳಗೆ ನಿಜವಾಗಿ ಉರಿಯುತ್ತದೆ, ಅವಳು ಮಾಡಿದ್ದಾದರೂ ಏನು, ಹರಿವನ್ನು ಚೌಕಗಳಾಗಿ ಕತ್ತರಿಸಿ ಒಂದೊಂದರಲ್ಲೂ ಲೆಕ್ಕ ಹಾಕುವ ಬಿಂದುಗಳನ್ನಿಡುವುದು ಎಲ್ಲರೂ ಮಾಡುವ ಕೆಲಸ, ಅವನು ಚೌಕದ ಅಂಚಿನ ಗೋಡೆಗೂ ಬಿಂದು ಒರಗಿಸುತ್ತಿದ್ದ, ಇವಳು ಗೋಡೆ ಬಿಟ್ಟು ಒಳಕ್ಕೆ ಸರಿಸಿದಳು, ಕೂದಲೆಳೆಯಷ್ಟು — ಅಷ್ಟಕ್ಕೇ ಮೇಷ್ಟ್ರ ಬಾಯಲ್ಲಿ ಭೇಷ್ ಭೇಷ್, ಅವನಿಗೆ ಏಳು ವರ್ಷದಲ್ಲಿ ಒಂದು ಭೇಷ್ ಇಲ್ಲ, ಒಡೆದುಹೋಗು ಸುಳಿಯೇ, ಒಂದೇ ಒಂದು ಸಲ.

ಅವನೂ ಒಮ್ಮೆ ಬಿಂದು ಸರಿಸಿದ್ದ. ಬಂದ ಹೊಸತರಲ್ಲಿ, ಇದೇ ಕುರ್ಚಿಯಲ್ಲಿ, ಆದರೆ ಒಂದೊಂದು ಬಿಂದುವಿಗೂ ಒಟ್ಟು ಲೆಕ್ಕದಲ್ಲಿ ಅದರದೇ ತೂಕವಿದೆ, ಬಿಂದು ಸರಿದರೆ ತೂಕದ ಪಟ್ಟಿಯೂ ಬದಲಾಗಬೇಕು, ಅವನು ಹಳೆಯ ಪಟ್ಟಿಯನ್ನೇ ಬಿಟ್ಟಿದ್ದ, ಸುಳಿ ಮೂರು ಸುತ್ತಿಗೆ ಒಡೆಯಿತು, ಇದು ಆಗಲ್ಲ ಸರ್ ಅಂದ, ಮೇಷ್ಟ್ರು ನಂಬಿದರು, ತಪ್ಪು ತಿಳಿದಾಗ ಎರಡು ವರ್ಷ ಕಳೆದಿತ್ತು, ಬಾಯಿಬಿಟ್ಟರೆ ಮರ್ಯಾದೆ ಮೂರಾಬಟ್ಟೆ, ಕಡತವನ್ನು ಮೂಲೆಗೆ ತಳ್ಳಿದ — ಈಗ ಮೇಷ್ಟ್ರು ಕನ್ನಡಕ ಹಣೆಗೇರಿಸಿ ಪಕ್ಕಕ್ಕೇ ಬಂದು ಕೂರುತ್ತಾರೆ, ಅಲ್ಲಪ್ಪಾ, ನೀನು ಇದನ್ನ ಆಗಲೇ ಮಾಡಿ ಆಗಲ್ಲ ಅಂದಿದ್ದೆಯಲ್ಲ, ಯಾಕೆ ಆಗ್ಲಿಲ್ಲ, ಅಂತ ಕೇಳುತ್ತಾರೆ, ಗುಬ್ಬಿ ತಲೆಯೆತ್ತುತ್ತಾಳೆ, ಅವಳ ಪರದೆಯ ಮೂಲೆಯಲ್ಲಿ ತೆರೆದಿರುವುದು ಅವನ ಹಳೆಯ ಕಡತ, ಹಳೆಯ ಪಟ್ಟಿಯ ಸಾಲಿಗೆ ಹಳದಿ ಗುರುತು, ಗೊತ್ತು, ಇವಳಿಗೆ ಎಲ್ಲ ಗೊತ್ತು, ಹೇಳಿಬಿಡು ತಾಯಿ, ಹೇಳಿ ಮುಗಿಸು — ಆಗಿನ ಕಂಪ್ಯೂಟರ್ ತುಂಬ ಚಿಕ್ಕದಿತ್ತಂತೆ ಸರ್, ಆಗ ಅಣ್ಣ ಹೇಳಿದ್ದು ಸರಿನೇ, ಅನ್ನುತ್ತಾಳೆ ಮೆಲ್ಲಗೆ, ಅವನ ಕಡೆ ನೋಡದೆ ಆ ಕಡತವನ್ನು ಮುಚ್ಚುತ್ತಾಳೆ, ಮೇಷ್ಟ್ರು ತಲೆಯಾಡಿಸುತ್ತಾರೆ, ಗೆದ್ದವಳೂ ಅವಳೇ, ಮಾನ ಉಳಿಸಿದವಳೂ ಅವಳೇ, ದ್ವೇಷಿಸುವುದಕ್ಕೂ ಜಾಗ ಬಿಡಲಿಲ್ಲವಲ್ಲ ಈ ಹುಡುಗಿ, ಹೌದು ಸರ್, ಚಿಕ್ಕದಿತ್ತು, ಅನ್ನುತ್ತಿರುವುದು ಅವನದೇ ಬಾಯಿ, ಪರದೆಯ ಮೇಲೆ ಸುಳಿ, ದುಂಡಗೆ, ಒಡೆಯದ ಸುಳಿ, ಸುಳಿ