ಹೆಪ್ಪು ಹಾಕದ ಮನೆ

"ಒಳಗೆ ಕಾಲಿಟ್ರೆ ಜೋಕೆ, ಅತ್ತಿಗೆ!" ಕೂಗಪ್ಪನ ಹೆಂಡತಿ ಬಾಗಿಲಿಗೆ ಎರಡೂ ಕೈ ಅಡ್ಡ ಕೊಟ್ಟು ನಿಂತುಬಿಟ್ಲು. "ನನ್ನ ಗಂಡನ್ನ ಕೊಂದಿದ್ದು ನಿಮ್ಮ ಮೊಸರು."

ಸತ್ತವನ ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತ್ಲು. "ಒಂದೇ ಬಟ್ಟಲು ಕಣೇ. ಇರೋನೊಬ್ಬ ತಮ್ಮ, ಆಸೆಪಟ್ಟು ಕೇಳ್ದ."

ಒಳಗೆ ಕೂಗಪ್ಪ ಮಲಗಿದ್ದ. ಬಸ್ ಸ್ಟ್ಯಾಂಡಲ್ಲಿ ಜನರನ್ನ ಕೂಗಿ ಕೂಗಿ ಬಸ್ಸಿಗೆ ಹತ್ತಿಸೋದೇ ಅವನ ಕೆಲಸ. ಅವನೊಮ್ಮೆ "ಬನ್ನಿ ಬನ್ನಿ" ಅಂದ್ರೆ ಪಕ್ಕದೂರಲ್ಲಿ ಮಲಗಿದ್ದೋರೂ ಎದ್ದು ಚಪ್ಪಲಿ ಹುಡುಕ್ತಿದ್ರು. ಇವತ್ತು ಆ ಬಾಯಿ ಮುಚ್ಚಿತ್ತು. ಆದ್ರೂ ಜನ ಬರ್ತಾನೇ ಇದ್ರು, ನಿದ್ದೇಲಿ ನಡೆಯೋರ ಹಾಗೆ, ಸದ್ದಿಲ್ಲದೆ. ಕಿಟಕಿಯ ಬಿಸಿಲು ಹಾಲು ಚೆಲ್ಲಿದ ಹಾಗೆ ನೆಲಕ್ಕೆಲ್ಲ ಹರಡಿತ್ತು. ಯಾಕೋ ಯಾರೂ ಅದನ್ನ ತುಳೀತಿರಲಿಲ್ಲ.

*

ವರ್ಷಗಳ ಹಿಂದೆ ಕೂಗಪ್ಪನಿಗೆ ಮೊದಲ ಸಲ ಎದೆ ಹಿಡಿದಾಗ ಡಾಕ್ಟರು ಹೇಳಿದ್ದು ಇಷ್ಟೇ: "ರಕ್ತ ಹೆಪ್ಪುಗಟ್ಟಿತ್ತು. ಇನ್ನೊಂದ್ಸಲ ಹಾಗಾಗದ ಹಾಗೆ ನೋಡ್ಕೊಳ್ಳಿ."

ಹೆಂಡತಿಗೆ ಗೊತ್ತಿದ್ದ ಹೆಪ್ಪು ಒಂದೇ. ಮನೆಗೆ ಬಂದೋಳೇ ಹೆಪ್ಪಿನ ಕುಡಿಕೇನ ತಿಪ್ಪೆಗೆಸೆದ್ಲು. ಅವತ್ತಿಂದ ಆ ಮನೇಲಿ ಹಾಲು ಹಾಲಾಗೇ ಉಳೀತು.

"ಮೊಸರಿಲ್ಲದೆ ಊಟ ಮುಗಿದ ಹಾಗೇ ಆಗಲ್ಲ ಕಣೇ."

"ಊಟ ಮುಗೀದೇ ಇರ್ಲಿ. ನೀವು ಮುಗೀದಿದ್ರೆ ಸಾಕು."

ಕೂಗಪ್ಪನ ಕನಸಲ್ಲಿ ಬಸ್ಸುಗಳೆಲ್ಲ ಗಟ್ಟಿ ಕೆನೆ ಮೇಲೆ ತೇಲ್ತಾ ಹೋಗ್ತಿದ್ವಂತೆ. ಒಂದಕ್ಕೂ ಡ್ರೈವರಿಲ್ಲ.

*

ರಕ್ತ ಪರೀಕ್ಷೆ ಲ್ಯಾಬಲ್ಲಿ ಕೆಲಸ ಮಾಡೋ ಮಗಳು ಬಾಗಿಲಿಗೆ ಬಂದು ಅಮ್ಮನ ಭುಜ ಹಿಡಿದ್ಲು. "ಹೇಳಿ ಹೇಳಿ ನನ್ನ ನಾಲಿಗೆ ಸವೀತು. ಆ ಹೆಪ್ಪಿಗೂ ಮೊಸರಿಗೂ ಸಂಬಂಧವಿಲ್ಲಮ್ಮ."

"ನಿನ್ನ ಸೂಜಿ ಭಾಷೆ ನಂಗರ್ಥ ಆಗಲ್ಲ, ಹೋಗೇ."

"ಅಪ್ಪನ ಭಾಷೇಲಿ ಹೇಳ್ತೀನಿ ಕೇಳು. ರಕ್ತದಲ್ಲಿ ಪ್ಲೇಟ್‌ಲೆಟ್ ಅಂತ ಪುಟಾಣಿ ಚೂರುಗಳಿರ್ತವೆ. ಸುಮ್ನೆ ತೇಲ್ಕೊಂಡು ಹೋಗ್ತಿರ್ತವೆ. ನಾಳದ ಗೋಡೆ ಎಲ್ಲಾದ್ರೂ ಕಿತ್ತೋದ್ರೆ, ಮೊದಲು ಬಂದವು ಅಲ್ಲಿ ಅಂಟ್ಕೊಂಡು ಮಿಕ್ಕವನ್ನ ಕೂಗ್ತವೆ."

"ಬಾಯಿದೆಯಾ ಅವಕ್ಕೆ?"

"ಒಳಗಿರೋ ರಸ ಬಿಡ್ತವೆ, ಅದೇ ಕೂಗು. ಅದು ತಾಕಿದವು ಕೈಕಾಲು ಚಾಚ್ಕೊಂಡು ಬಂದು ಒಂದಕ್ಕೊಂದು ಅಂಟ್ಕೊಳ್ತವೆ. ಅವೂ ಕೂಗ್ತವೆ. ಮೇಲೆ ರಕ್ತವೇ ಒಂದು ಬಲೆ ಹೆಣೆಯುತ್ತೆ. ಬೆರಳು ಕುಯ್ಕೊಂಡಾಗ ರಕ್ತ ನಿಲ್ಲೋದು ಹಾಗೇ."

"ಒಳ್ಳೇದೇ ಅಲ್ವಾ ಮತ್ತೆ?"

"ಬೆರಳಲ್ಲಿ ಒಳ್ಳೇದು. ಅಪ್ಪನ ಹೃದಯದ ನಾಳದಲ್ಲಿ ಕೊಬ್ಬು ಕಟ್ಟಿ, ಅದು ಒಡೀತು. ಕೂಗು ಎದ್ದಿತು. ಬಸ್ ತುಂಬಿದ್ರೂ ಸಾಕು ಅನ್ನೋರಿಲ್ಲ, ದಾರಿನೇ ಮುಚ್ಚೋಯ್ತು. ನೀನು ದಿನಾ ಕೊಡ್ತಿದ್ದ ಮಾತ್ರೆ ಆ ಕೂಗನ್ನೇ ತಗ್ಗಿಸ್ತಿತ್ತು. ಇಷ್ಟು ವರ್ಷ ತಗ್ಗಿಸ್ತು. ಈ ಸಲ ಅದರ ಕೈಲೂ ಆಗಲಿಲ್ಲ."

ಹೆಂಡತಿಯ ಕೈ ಬಾಗಿಲಿಂದ ಮೆಲ್ಲಗೆ ಜಾರಿತು. "ಹಾಗಾದ್ರೆ ನಾನು ಅವರಿಗೆ ಸುಮ್‌ಸುಮ್ನೆ ಮೊಸರು ತಪ್ಪಿಸಿದ್ನಾ?"

ಮೆಟ್ಟಿಲ ಮೇಲಿಂದ ಅಕ್ಕ ಮೂಗೊರೆಸ್ಕೊಂಡು ಅಂದ್ಲು: "ಎಲ್ಲಿ ತಪ್ಪಿಸಿದ್ದೆ, ಹುಚ್ಚಿ? ಒಂದು ಬಟ್ಟಲು ಅಂದಿದ್ದು ಸುಳ್ಳು. ಇಷ್ಟು ವರ್ಷದಲ್ಲಿ ನನ್ನ ಅಡುಗೆಮನೇಲಿ ಕೂತು ಒಂದು ಕೆರೆ ಮೊಸರು ಬತ್ತಿಸಿದ್ದಾನೆ. ಕದ್ದು ತಿಂದ್ರೇನೇ ರುಚಿ, ಅವಳಿಗೆ ಹೇಳ್ಬೇಡಕ್ಕಾ, ಅಂತಿದ್ದ."

ಹೆಂಡತಿ ಮೆಟ್ಟಿಲಿಳಿದು ಬಂದ್ಲು. ಕೈ ಚಾಚಿ, "ಏಳಿ, ಅತ್ತಿಗೆ" ಅಂತ ಎಬ್ಬಿಸಿ ಒಳಗೆ ಕರ್ಕೊಂಡು ಹೋದ್ಲು. ಇಬ್ಬರೂ ಅವನ ತಲೆ ಹತ್ತಿರ ಕೂತ್ರು.

"ಕಳ್ಳ ನೀನು," ಅಂದ್ಲು, ಮದುವೆಯಾದಾಗಿಂದ ಬಹುವಚನ ಬಿಟ್ಟು ಮಾತಾಡದವಳು. ಬಗ್ಗಿ, ಹೆಬ್ಬೆರಳಿಂದ ಅವನ ಮೀಸೆ ಒರೆಸಿದ್ಲು, ಮಗುವಿನ ಬಾಯಿ ಒರೆಸೋ ಹಾಗೆ. ಮೀಸೆ ಮೇಲೆ ಏನೂ ಇರಲಿಲ್ಲ.